ಬಂದೂಕಿನ ಲೈಸೆನ್ಸ್ ನಿಮ್ಮ ಹೆಸರಿಗಿದೆ, ನಿಮ್ಮ ಗಾಡಿಗಲ್ಲ

ಹೋದ ಸಂಚಿಕೆಯಲ್ಲಿ ಒಬ್ಬರು ಬಂದೂಕಿನ ಲೈಸೆನ್ಸ್ ಎಷ್ಟು ವರ್ಷ ನಡೆಯುತ್ತದೆ ಅಂತ ಕೇಳಿದ್ದರು. ಮೊದಲು 3 ವರ್ಷ ಇತ್ತು, 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ 5 ವರ್ಷ ಆಗಿದೆ ಅಂತ ಒಂದೇ ಸಾಲಿನಲ್ಲಿ ಉತ್ತರ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿದ್ದು ಬೇರೆಯದೇ ಮಾತು: ಬಂದೂಕನ್ನು ಗಾಡಿಯಲ್ಲಿ ಇಟ್ಟುಕೊಂಡು ಹೋಗಬಹುದಾ? ಅಥಣಿ, ಇಂಡಿ, ಬೀಳಗಿ, ಖಾನಾಪುರ, ಬೈಲಹೊಂಗಲ, ಎಲ್ಲ ಕಡೆಯಿಂದ ಬಂದಿವೆ. ನಮ್ಮ ಕಡೆ ಮನೆ ಒಂದು ಜಿಲ್ಲೆಯಲ್ಲಿ, ಹೊಲ ಇನ್ನೊಂದು ಜಿಲ್ಲೆಯಲ್ಲಿ, ಬೀಗರ ಊರು ಪಕ್ಕದ ರಾಜ್ಯದಲ್ಲಿ ಇರುವುದು ಸಾಮಾನ್ಯ ಅಲ್ವಾ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿಕೊಂಡಿದ್ದಾರೆ. ಊರು ಮಾತ್ರ ಹಾಕಿದ್ದೇನೆ.

ವಕೀಲರಿಗೆ ನಮಸ್ಕಾರ. ನನ್ನ ಹತ್ತಿರ ಲೈಸೆನ್ಸ್ ಇರುವ 12 ಬೋರಿನ ಜೋಡು ನಳಿಗೆ ಬಂದೂಕು ಇದೆ. ಮನೆ ಅಥಣಿ ತಾಲ್ಲೂಕು. ಹೆಂಡತಿ ತವರು ಮಿರಜ ಹತ್ತಿರ, ಅಲ್ಲೂ ನಮ್ಮ ಒಂದಿಷ್ಟು ಕಬ್ಬಿನ ಹೊಲ ಇದೆ, ಹಂದಿ ಕಾಟ. ಬೊಲೆರೊದಲ್ಲಿ ಬಂದೂಕು ಹಾಕಿಕೊಂಡು ಹೋಗಿ ಬಂದರೆ ತಪ್ಪಾ? ಲೈಸೆನ್ಸ್ ಇದ್ದ ಮೇಲೆ ಎಲ್ಲಿಗೆ ಬೇಕಾದರೂ ಒಯ್ಯಬಹುದು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ.
*— ರೈತ, ಅಥಣಿ ತಾಲ್ಲೂಕು*

ಊರವರ ಮಾತು ಬಿಡಿ ಅಣ್ಣಾವ್ರೇ, ನಿಮ್ಮ ಲೈಸೆನ್ಸ್ ಪುಸ್ತಕ ತೆಗೆದು ನೋಡಿ. ಅದರಲ್ಲಿ ಬಂದೂಕಿನ ನಂಬರ್, ಕಾಡತೂಸಿನ ಲೆಕ್ಕ, ನವೀಕರಣದ ತಾರೀಖು ಇರುವ ಹಾಗೆಯೇ ಈ ಲೈಸೆನ್ಸ್ ಯಾವ ಪ್ರದೇಶದಲ್ಲಿ ನಡೆಯುತ್ತದೆ ಅಂತ ಒಂದು ಕಾಲಂ ಇರುತ್ತದೆ. ಕೆಲವರಿಗೆ ಅಲ್ಲಿ ಬರೀ ಜಿಲ್ಲೆ ಹೆಸರು ಇರುತ್ತದೆ, ಕೆಲವರಿಗೆ ಇಡೀ ಕರ್ನಾಟಕ, ಕೆಲವರಿಗೆ ಇಡೀ ಭಾರತ. ನಾನು ನೋಡಿದ ಕಕ್ಷಿದಾರರಲ್ಲಿ ಬಹಳ ಜನ ಆ ಕಾಲಂ ಓದಿಯೇ ಇರಲಿಲ್ಲ. ಬಂದೂಕು ಬಂದ ದಿನ ಲೈಸೆನ್ಸನ್ನು ತಿಜೋರಿಯಲ್ಲಿ ಇಟ್ಟವರು ನವೀಕರಣದ ಹೊತ್ತಿಗೇ ಮತ್ತೆ ತೆಗೆಯುವುದು.

ನಿಮ್ಮದರಲ್ಲಿ ಬೆಳಗಾವಿ ಜಿಲ್ಲೆ ಅಂತ ಮಾತ್ರ ಇದ್ದರೆ, ಕಾಗವಾಡ ದಾಟಿ ಮ್ಹೈಸಾಳ ಸೇರಿದ ಕೂಡಲೇ ನಿಮ್ಮ ಲೈಸೆನ್ಸಿನ ಬಲ ಮುಗಿಯಿತು. ಮಹಾರಾಷ್ಟ್ರವೇ ಆಗಬೇಕಿಲ್ಲ. ತಿಕೋಟಾ ಕಡೆ ಹೊರಟರೂ ವಿಜಯಪುರ ಜಿಲ್ಲೆ, ಜಮಖಂಡಿ ಕಡೆ ಹೊರಟರೂ ಬಾಗಲಕೋಟೆ ಜಿಲ್ಲೆ. ಇಡೀ ಕರ್ನಾಟಕ ಅಂತ ಇದ್ದರೆ ಅಲ್ಲಿಯವರೆಗೆ ಹೋಗಬಹುದು, ಮಿರಜಕ್ಕೆ ಆಗಲ್ಲ. ಲೈಸೆನ್ಸಿನ ಷರತ್ತು ಮುರಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 30ರ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡದ ಮೊತ್ತ ನೋಡಿ ಇಷ್ಟೇನಾ ಅನ್ನಬೇಡಿ. ಅದರ ಹಿಂದೆಯೇ ಸೆಕ್ಷನ್ 17 ಬರುತ್ತದೆ. ಲೈಸೆನ್ಸ್ ಕೊಟ್ಟವರು ಅದನ್ನು ಅಮಾನತು ಮಾಡಬಹುದು, ರದ್ದೂ ಮಾಡಬಹುದು. ರದ್ದಾದ ಲೈಸೆನ್ಸ್ ವಾಪಸ್ ಪಡೆಯಲು ಕಚೇರಿ ಮೆಟ್ಟಿಲು ಹತ್ತುವವರ ಕಷ್ಟ ಕಣ್ಣಾರೆ ನೋಡಿದವನು ನಾನು.

ಇನ್ನೊಂದು ಮಾತು. ನಿಮ್ಮದು ಬೆಳೆ ರಕ್ಷಣೆಗೆ ಅಂತಲೇ ಕೊಟ್ಟ ಲೈಸೆನ್ಸ್ ಆಗಿದ್ದರೆ ಅದು ಇನ್ನೂ ಬಿಗಿ. ಯಾವ ಹೊಲದ ಬೆಳೆಗೆ ಅಂತ ಕೊಟ್ಟಿದ್ದಾರೋ ಆ ಜಾಗಕ್ಕೇ ಅದು. ಮಿರಜದ ಹೊಲದ ಹಂದಿಗೆ ಅಥಣಿಯ ಲೈಸೆನ್ಸ್ ನಡೆಯಲ್ಲ. ನಿಜವಾಗಿ ಅಗತ್ಯ ಇದ್ದರೆ ಎರಡೂ ಹೊಲದ ಉತಾರ (ಪಹಣಿ) ಇಟ್ಟು, ಕಾರಣ ಬರೆದು, ಲೈಸೆನ್ಸ್ ಕೊಟ್ಟ ಕಚೇರಿಗೇ ವ್ಯಾಪ್ತಿ ವಿಸ್ತರಣೆಗೆ ಅರ್ಜಿ ಹಾಕಿ. ಆದೇಶ ಕೈಗೆ ಬಂದು ಪುಸ್ತಕದಲ್ಲಿ ನಮೂದಾಗುವವರೆಗೆ ಬಂದೂಕು ಮನೆಯಲ್ಲೇ ಇರಲಿ.

ಸರ್, ಬಂದೂಕನ್ನು ಕಾರಿನ ಡಿಕ್ಕಿಯಲ್ಲಿ ಲಾಕ್ ಮಾಡಿ ಇಡಬೇಕಾ, ಕೈಗೆ ಸಿಗುವ ಹಾಗೆ ಇಡಬೇಕಾ? ಲೋಡ್ ಮಾಡಿರಬಹುದಾ? ಯೂಟ್ಯೂಬ್‌ನಲ್ಲಿ ನೋಡಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
*— ಸಣ್ಣ ವ್ಯಾಪಾರಿ, ವಿಜಯಪುರ*

ನೀವು ನೋಡಿದ ವಿಡಿಯೋಗಳಲ್ಲಿ ಬಹಳಷ್ಟು ಅಮೆರಿಕದವು ಇರಬೇಕು. ಅಲ್ಲಿ 1986ರ ಒಂದು ಕಾಯ್ದೆ ಇದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದೂಕು ಒಯ್ಯುವಾಗ ಗುಂಡು ತೆಗೆದಿರಬೇಕು, ಕೂತವರ ಕೈಗೆ ಸಿಗದ ಹಾಗೆ ಡಿಕ್ಕಿಯಲ್ಲೋ ಬೀಗ ಹಾಕಿದ ಪೆಟ್ಟಿಗೆಯಲ್ಲೋ ಇರಬೇಕು ಅನ್ನುತ್ತದೆ ಅದು. ಅದು ಅವರ ದೇಶದ ಮಾತು. ನಮ್ಮಲ್ಲಿ ಕಾರಿಗೆ ಅಂತಲೇ ಪ್ರತ್ಯೇಕ ಕಾಯ್ದೆ ಇಲ್ಲ. ನಮ್ಮ ಕಾನೂನು ನೋಡುವುದು ಗಾಡಿಯನ್ನಲ್ಲ, ಲೈಸೆನ್ಸ್ ಇರುವ ಮನುಷ್ಯನನ್ನು. ಬಂದೂಕು ಅವನ ಜೊತೆಗೇ ಇದೆಯಾ, ಅವನ ಹಿಡಿತದಲ್ಲಿ ಇದೆಯಾ ಅನ್ನುವುದೇ ಮುಖ್ಯ ಪ್ರಶ್ನೆ. ಈ ಒಂದು ವ್ಯತ್ಯಾಸ ತಲೆಯಲ್ಲಿ ಕೂತರೆ ಉಳಿದದ್ದು ತಾನಾಗಿ ಅರ್ಥ ಆಗುತ್ತದೆ.

2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಜಾಗದಲ್ಲಿ ಬಂದೂಕು ಒಯ್ಯುವ ರೀತಿ ಹೇಳುತ್ತವೆ. ಪಿಸ್ತೂಲು, ರಿವಾಲ್ವರ್ ಆದರೆ ಮೈಗೆ ಕಟ್ಟಿದ ಹೋಲ್‌ಸ್ಟರ್‌ನಲ್ಲಿ ಅಥವಾ ಚೀಲದಲ್ಲಿ. ಉದ್ದ ಬಂದೂಕು ಆದರೆ ಅದಕ್ಕೆಂದೇ ಮಾಡಿದ ಗವಸಿನಲ್ಲಿ. ಹೊರಗೆ ಒಂದಿಷ್ಟೂ ಕಾಣಬಾರದು, ಒಯ್ಯುವವನ ಹಿಡಿತದಲ್ಲಿ ಇರಬೇಕು. ಎತ್ತಿ ತೋರಿಸುವುದು, ಗಾಳಿಯಲ್ಲಿ ಹಾರಿಸುವುದು ಪೂರ್ತಿ ನಿಷೇಧ. ಹಿಂದಿನ ಸೀಟಿನ ಮೇಲೆ ಬರೀ ಬಂದೂಕು ಮಲಗಿಸಿಕೊಂಡು, ಗ್ಲಾಸಿನಿಂದ ಎಲ್ಲರಿಗೂ ಕಾಣುವ ಹಾಗೆ ಸಿದ್ಧೇಶ್ವರ ಗುಡಿ ಮುಂದೆ ಹೋದರೆ ಅದು ತಪ್ಪು, ಲೈಸೆನ್ಸ್ ಎಷ್ಟೇ ಸರಿ ಇರಲಿ.

ಲೋಡ್ ಮಾಡುವುದರ ಬಗ್ಗೆ ನನ್ನ ಮಾತು ನೇರ: ಗಾಡಿಯಲ್ಲಿ ಲೋಡ್ ಮಾಡಿದ ಬಂದೂಕು ಬೇಡ. ಜೋಡು ನಳಿಗೆ ಆದರೆ ಮನೆ ಬಿಡುವ ಮೊದಲು ಬಂದೂಕನ್ನು ಕೀಲಿನ ಹತ್ತಿರ ಬಗ್ಗಿಸಿ ತೆರೆದು ಎರಡೂ ನಳಿಗೆಯಲ್ಲಿ ಕಣ್ಣಿಟ್ಟು ನೋಡಿ, ಆ ಕಡೆಯ ಬೆಳಕು ದುಂಡಗೆ ಕಾಣಬೇಕು. ಬೆರಳು ಹಾಕಿಯೂ ಒಮ್ಮೆ ಮುಟ್ಟಿ ನೋಡಿ. ಪಿಸ್ತೂಲಾದರೆ ಮ್ಯಾಗಜಿನ್ ತೆಗೆದರೆ ಸಾಲದು, ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಸ್ಲೈಡ್ ಎಳೆದು ನೋಡಬೇಕು. ಕಾಡತೂಸು ಬೇರೆ ಚೀಲದಲ್ಲಿ. ನಮ್ಮ ಹಳ್ಳಿ ರಸ್ತೆಯ ಕುಣಿಗಳಲ್ಲಿ ಜೀಪು ಎಗರಿದಾಗ ಏನೇನು ಆಗಬಹುದು ಅಂತ ನಿಮಗೆ ಹೇಳಬೇಕಾಗಿಲ್ಲ.

ಇನ್ನು ಡಿಕ್ಕಿ. ಗಾಡಿ ಓಡುವಾಗ ಡಿಕ್ಕಿಯಲ್ಲಿ ಇದ್ದು, ನೀವು ಗಾಡಿಯಲ್ಲೇ ಇದ್ದರೆ ಸಮಸ್ಯೆ ಕಡಿಮೆ. ಸಮಸ್ಯೆ ಶುರು ಆಗುವುದು ನೀವು ಇಳಿದಾಗ. ನನ್ನ ಒಬ್ಬ ಕಕ್ಷಿದಾರರು, ವಯಸ್ಸಾದವರು, ಬಹಳ ಶಿಸ್ತಿನ ಮನುಷ್ಯ, ಹೆದ್ದಾರಿ ಪಕ್ಕದ ಧಾಬಾದಲ್ಲಿ ಊಟಕ್ಕೆ ಇಳಿದರು. ಪಿಸ್ತೂಲು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇತ್ತು. ಊಟ ಮುಗಿಸಿ ಬಂದಾಗ ಎಡಗಡೆ ಗ್ಲಾಸು ಪುಡಿಪುಡಿ, ಖಾನೆ ಬಾಯಿ ತೆರೆದಿತ್ತು. ಕಳ್ಳ ಬಂದಿದ್ದು ಹಣದ ಆಸೆಗೆ, ಒಯ್ದದ್ದು ಪಿಸ್ತೂಲು. ಅವರು ಅಲ್ಲಿಂದಲೇ ಹತ್ತಿರದ ಠಾಣೆಗೆ ಹೋಗಿ ದೂರು ಕೊಟ್ಟರು, ಅದು ಅವರನ್ನು ಸ್ವಲ್ಪ ಉಳಿಸಿತು. ಯಾಕೆಂದರೆ ಆಯುಧ ಕಳೆದರೆ, ಕಳುವಾದರೆ ತಡ ಮಾಡದೆ ಹತ್ತಿರದ ಠಾಣೆಗೆ ತಿಳಿಸಬೇಕು ಅನ್ನುವುದು ಲೈಸೆನ್ಸಿನ ಷರತ್ತು. ಆದರೂ ಲೈಸೆನ್ಸ್ ಅಮಾನತಾಯಿತು. ಅದಕ್ಕಿಂತ ಜಾಸ್ತಿ ಅವರನ್ನು ತಿಂದದ್ದು ಬೇರೆ ಚಿಂತೆ. ಬೆಳಗ್ಗೆ ಪೇಪರಿನಲ್ಲಿ ಎಲ್ಲಾದರೂ ಗುಂಡು ಹಾರಿದ ಸುದ್ದಿ ಕಂಡರೆ ಮೈ ಬೆವರುತ್ತಿತ್ತು, ನನಗೆ ಫೋನ್ ಮಾಡಿ 'ನಂದೇ ಇರಬಹುದಾ ವಕೀಲರೇ' ಅಂತ ಕೇಳುತ್ತಿದ್ದರು. ಹಾಗಾಗಿ ಕೇಳಿಕೊಳ್ಳುತ್ತೇನೆ, ಖಾಲಿ ಗಾಡಿಯಲ್ಲಿ ಬಂದೂಕು ಬಿಟ್ಟು ಇಳಿಯಬೇಡಿ. ದಾರಿಯಲ್ಲಿ ಊಟ, ಗುಡಿ, ಆಸ್ಪತ್ರೆ ಅಂತ ನಾಲ್ಕು ಕಡೆ ನಿಲ್ಲುವ ಪ್ರಯಾಣ ಇದ್ದರೆ ಅವತ್ತು ಬಂದೂಕು ಮನೆಯ ಕಬ್ಬಿಣದ ಕಪಾಟಿನಲ್ಲೇ ಇರಲಿ.

ನಮ್ಮ ಅಪ್ಪಾಜಿಗೆ ಲಕ್ವ ಹೊಡೆದಿದೆ, ಓಡಾಡಲು ಆಗಲ್ಲ. ಅವರ ಬಂದೂಕಿನ ಲೈಸೆನ್ಸ್ ರಿನ್ಯೂವಲ್ ಬಂದಿದೆ. ನಾನು ಬೈಕಿನಲ್ಲಿ ಬಂದೂಕು ಕಟ್ಟಿಕೊಂಡು ನವನಗರದ ಡಿಸಿ ಆಫೀಸಿಗೆ ಹೋಗಬಹುದಾ? ನನಗೆ 20 ವರ್ಷ.
*— ವಿದ್ಯಾರ್ಥಿ, ಬೀಳಗಿ ತಾಲ್ಲೂಕು*

ತಮ್ಮಾ, ನಿನ್ನ ಕಾಳಜಿ ಸರಿ ಇದೆ, ಆದರೆ ನೀನು ಒಯ್ಯಬೇಡ. ಕಾಯ್ದೆಯ ಸೆಕ್ಷನ್ 3ರಲ್ಲಿ ಒಂದು ವಿನಾಯಿತಿ ಇದೆ. ಲೈಸೆನ್ಸ್ ಇಲ್ಲದವರೂ ಲೈಸೆನ್ಸುದಾರರ ಎದುರಿನಲ್ಲಿ, ಅಥವಾ ಅವರು ಬರೆದುಕೊಟ್ಟ ಅಧಿಕಾರಪತ್ರ ಇಟ್ಟುಕೊಂಡು ಬಂದೂಕು ಒಯ್ಯಬಹುದು. ಅದೂ ಮೂರೇ ಕೆಲಸಕ್ಕೆ: ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಇಲ್ಲವೇ ಆ ಲೈಸೆನ್ಸುದಾರರೇ ಬಳಸಲಿಕ್ಕೆ. ಇದನ್ನು ಓದಿದ ಯಾರೋ ನಿನಗೆ ಹೋಗು ಅಂದಿರಬೇಕು. ಆದರೆ ಅದೇ ಕಾಯ್ದೆಯ ಸೆಕ್ಷನ್ 9 ಇನ್ನೊಂದು ಹೇಳುತ್ತದೆ. 21 ವರ್ಷ ತುಂಬದವರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ, ಒಯ್ಯುವ ಹಾಗೂ ಇಲ್ಲ. ಹಿಂದಿನ ಸೆಕ್ಷನ್‌ಗಳಲ್ಲಿ ಏನೇ ಇದ್ದರೂ ಈ ಮಾತು ನಿಲ್ಲುತ್ತದೆ. ಅಪ್ಪಾಜಿ ಬರೆದುಕೊಟ್ಟ ಕಾಗದ ನಿನ್ನ ವಯಸ್ಸನ್ನು ತುಂಬಿಸಲ್ಲ.

ಮನೆಯಲ್ಲಿ ಕಾಕಾ, ಮಾಮಾ, ಅಣ್ಣ ಯಾರಾದರೂ 21 ದಾಟಿದವರು, ಮೇಲೆ ಕೇಸುಗೀಸು ಇಲ್ಲದವರು ಇದ್ದರೆ ಅವರ ಹೆಸರಿಗೆ ಬರೆಸು. ಕಾಗದದಲ್ಲಿ ಅಪ್ಪಾಜಿ ಹೆಸರು, ಲೈಸೆನ್ಸ್ ನಂಬರು, ಯುಐಎನ್ ನಂಬರು (ಲೈಸೆನ್ಸುದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ), ಬಂದೂಕಿನ ನಂಬರು, ಯಾರು ಒಯ್ಯುತ್ತಿದ್ದಾರೆ, ಯಾವ ತಾರೀಖಿಗೆ, ಎಲ್ಲಿಂದ ಎಲ್ಲಿಗೆ, ನವೀಕರಣದ ಕೆಲಸಕ್ಕೆ ಮಾತ್ರ ಅಂತ ಸ್ಪಷ್ಟ ಇರಲಿ. ಕೈ ಆಡದಿದ್ದರೆ ಹೆಬ್ಬೆಟ್ಟು ಹಾಕಿಸಿ, ಇಬ್ಬರು ಸಾಕ್ಷಿ ಸಹಿ ಹಾಕಲಿ. ಮೂಲ ಲೈಸೆನ್ಸ್ ಜೊತೆಗಿರಲಿ, ಜೆರಾಕ್ಸ್ ಸಾಲದು. ಬೈಕು ಬೇಡ, ಕಾರಾಗಲಿ. ಬೀಳಗಿಯಿಂದ ನೇರ ನವನಗರ, ಅಲ್ಲಿಂದ ನೇರ ಮನೆ. ನಡುವೆ ಎಲ್ಲೂ ಚಹಾಕ್ಕೂ ನಿಲ್ಲಬಾರದು. ಹೋಗುವ ಮೊದಲು ಡಿಸಿ ಕಚೇರಿಯ ಆಯುಧ ಶಾಖೆಗೆ ಒಂದು ಫೋನ್ ಮಾಡಿ ಬಂದೂಕನ್ನೇ ತರಬೇಕಾ, ಠಾಣೆಯಲ್ಲಿ ಪರಿಶೀಲನೆ ಆದರೆ ಸಾಕಾ ಅಂತ ಕೇಳಿಕೊಳ್ಳಿ. ಹಾಸಿಗೆ ಹಿಡಿದವರ ವಿಷಯ ಅಂತ ಹೇಳಿ.

ಅಪ್ಪಾಜಿಗೆ ಇನ್ನು ಬಂದೂಕು ಹಿಡಿಯಲು ಆಗಲ್ಲ ಅನಿಸಿದರೆ ಇನ್ನೊಂದು ದಾರಿಯೂ ಇದೆ. ಲೈಸೆನ್ಸುದಾರರಿಗೆ 70 ವರ್ಷ ಆಗಿದ್ದರೆ, ಅಥವಾ ಆ ಬಂದೂಕು ಅವರ ಹತ್ತಿರ 25 ವರ್ಷ ಇದ್ದರೆ, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಲು 2016ರ ನಿಯಮದಲ್ಲಿ ಅವಕಾಶ ಇದೆ. ಮುಂದಿನ ವರ್ಷ ನಿನಗೆ 21 ತುಂಬಿದ ಮೇಲೆ ನೀನೇ ಅರ್ಜಿ ಹಾಕಬಹುದು.

ಏರ್‌ಗನ್‌ಗೆ ಲೈಸೆನ್ಸ್ ಬೇಕಾ? ಕಾರಿನಲ್ಲಿ ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರಾ?
*— ಗೋಕಾಕ*

0.177 ಬೋರಿನದು (ನಳಿಗೆ ಒಳಗಿನ ಅಗಲ 0.177 ಇಂಚು), ಶಕ್ತಿ 20 ಜೌಲ್ ಒಳಗಿನದು ಆದರೆ ಬೇಡ. ಅದಕ್ಕಿಂತ ದೊಡ್ಡದಾದರೆ ಬೇಕು. ಖರೀದಿ ಬಿಲ್ಲು ಜೊತೆಗಿಟ್ಟುಕೊಳ್ಳಿ, ಗವಸಿನಲ್ಲಿ ಇರಲಿ, ಯಾಕೆಂದರೆ ದೂರದಿಂದ ನೋಡಿದವರಿಗೆ ಅದು ನಿಜವಾದ ಬಂದೂಕೇ. ಮತ್ತೆ ಗೋಕಾಕದವರಾದ್ದರಿಂದ ಹೇಳುತ್ತೇನೆ, ಧೂಪದಾಳದ ಹತ್ತಿರ ಘಟಪ್ರಭಾ ಪಕ್ಷಿಧಾಮ ಇದೆ. ಲೈಸೆನ್ಸ್ ಬೇಡದ ಏರ್‌ಗನ್ ಆದರೂ ಹಕ್ಕಿ ಹೊಡೆದರೆ ವನ್ಯಜೀವಿ ಕಾಯ್ದೆ ಬಿಡಲ್ಲ.

ನಿಪ್ಪಾಣಿ ಕಡೆ ನಾಕಾಬಂದಿಯಲ್ಲಿ ನನ್ನ ಕಾರು ನಿಲ್ಲಿಸಿ, ವಾರಂಟ್ ಇಲ್ಲದೆ ಪೂರ್ತಿ ಹುಡುಕಿದರು. ನನ್ನ ಹತ್ತಿರ ಇಡೀ ಭಾರತದ ಲೈಸೆನ್ಸ್ ಇದೆ, ಆದರೂ ಒಂದು ಗಂಟೆ ನಿಲ್ಲಿಸಿದರು. ಅವರಿಗೆ ಆ ಅಧಿಕಾರ ಇದೆಯಾ?
*— ಗುತ್ತಿಗೆದಾರ, ಚಿಕ್ಕೋಡಿ*

ಇದೆ ಸರ್. ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 23ರಲ್ಲಿ ಪೊಲೀಸ್ ಅಧಿಕಾರಿ ಆಯುಧ ಇದೆಯಾ ಅಂತ ನೋಡಲು ಯಾವುದೇ ವಾಹನ ನಿಲ್ಲಿಸಿ ಹುಡುಕಬಹುದು. ಸೆಕ್ಷನ್ 19ರಲ್ಲಿ ಆಯುಧ ಒಯ್ಯುವವರಿಂದ ಲೈಸೆನ್ಸ್ ಕೇಳಬಹುದು. ತೋರಿಸದಿದ್ದರೆ ಹೆಸರು ವಿಳಾಸ ಕೇಳಬಹುದು, ಬೇಕಿದ್ದರೆ ಆಯುಧ ವಶಕ್ಕೆ ತೆಗೆದುಕೊಳ್ಳಬಹುದು. ಸೆಕ್ಷನ್ 20 ಇನ್ನೂ ಗಟ್ಟಿ. ಲೈಸೆನ್ಸ್ ಇರಲಿ ಇಲ್ಲದಿರಲಿ, ಒಯ್ಯುತ್ತಿರುವ ರೀತಿ ನೋಡಿ ಕೆಟ್ಟ ಉದ್ದೇಶ ಇದೆ ಅಂತ ಸಂಶಯಪಡಲು ಸರಿಯಾದ ಕಾರಣ ಇದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. 'ಲೈಸೆನ್ಸ್ ಇರಲಿ ಇಲ್ಲದಿರಲಿ' ಅನ್ನುವ ಆ ಮಾತು ಕಾಯ್ದೆಯಲ್ಲೇ ಇದೆ. ರಾತ್ರಿ 2 ಗಂಟೆಗೆ ನಂಬರ್ ಪ್ಲೇಟಿಗೆ ಕೆಸರು ಮೆತ್ತಿದ ಗಾಡಿಯಲ್ಲಿ, ಸೀಟಿನ ಅಡಿ ಲೋಡ್ ಮಾಡಿದ ಪಿಸ್ತೂಲು ಸಿಕ್ಕರೆ ಲೈಸೆನ್ಸ್ ಪುಸ್ತಕ ನಿಮ್ಮನ್ನು ಪೂರ್ತಿ ಕಾಯಲ್ಲ.

ಒಂದು ಗಂಟೆ ನಿಲ್ಲಿಸಿದ್ದು ಬೇಸರದ ವಿಷಯ, ಒಪ್ಪುತ್ತೇನೆ. ಆದರೆ ಮುಂದಿನ ಸಲ ಹೀಗೆ ಮಾಡಿ ನೋಡಿ. ಗಾಡಿ ನಿಲ್ಲಿಸಿ, ಒಳಗಿನ ದೀಪ ಹಾಕಿ, ಎರಡೂ ಕೈ ಸ್ಟೇರಿಂಗ್ ಮೇಲೆ ಇಡಿ. ಅವರು ಹುಡುಕುವ ಮೊದಲೇ ನೀವೇ ಹೇಳಿ: 'ಸಾಹೇಬ್ರೇ, ಲೈಸೆನ್ಸ್ ಇರುವ ಪಿಸ್ತೂಲು ಇದೆ, ಖಾಲಿ ಇದೆ, ಇಂಥಲ್ಲಿ ಇದೆ, ಲೈಸೆನ್ಸ್ ಈ ಜೇಬಿನಲ್ಲಿದೆ.' ಅವರು ಹೇಳುವ ತನಕ ಪಿಸ್ತೂಲಿಗೆ ಕೈ ಹಾಕಬೇಡಿ, ತೋರಿಸುತ್ತೇನೆ ಅಂತ ಕೂಡ ಹಾಕಬೇಡಿ. ಕತ್ತಲಲ್ಲಿ ಕೊಗನೊಳ್ಳಿ ಹತ್ತಿರ ಗಾಡಿ ತಡೆಯುವ ಹುಡುಗ ಕಾನ್‌ಸ್ಟೇಬಲ್‌ಗೂ ಮನೆ ಮಠ ಇದೆ, ಅವನಿಗೂ ಜೀವಭಯ ಇದೆ. ವಶಕ್ಕೆ ತೆಗೆದುಕೊಂಡರೆ ಮಾತ್ರ ಬರೀ ಕೈಯಲ್ಲಿ ವಾಪಸ್ ಬರಬೇಡಿ. ಪಂಚನಾಮೆ ಆಗಬೇಕು, ಬಂದೂಕಿನ ನಂಬರು, ಕಾಡತೂಸಿನ ಸಂಖ್ಯೆ ಅದರಲ್ಲಿ ಬರಬೇಕು. ಈಗಿನ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 105ರ ಪ್ರಕಾರ ಶೋಧನೆ, ಜಪ್ತಿ ಎರಡನ್ನೂ ವಿಡಿಯೋ ಮಾಡಬೇಕು. ಅದನ್ನು ಗೌರವದಿಂದಲೇ ಕೇಳಬಹುದು. ಕೇಳುವುದು ನಿಮ್ಮ ಹಕ್ಕು.

ನನ್ನ ಯಜಮಾನರು ತೀರಿಕೊಂಡು ಮೂರು ತಿಂಗಳಾಯಿತು. ಅವರ ಬಂದೂಕು ಮನೆಯಲ್ಲೇ ಇದೆ. ಇಬ್ಬರು ಸಣ್ಣ ಮಕ್ಕಳು. ನೋಡಿದರೆ ಭಯ ಆಗುತ್ತದೆ. ನಮ್ಮ ಮೈದುನ ಸೊಲ್ಲಾಪುರದಲ್ಲಿದ್ದಾರೆ, 'ಕಾರಿನಲ್ಲಿ ಹಾಕಿಕೊಂಡು ಬರ್ತೀನಿ ವೈನಿ, ನನ್ನ ಹತ್ತಿರ ಇರಲಿ' ಅನ್ನುತ್ತಾರೆ. ಕೊಡಬಹುದಾ?
*— ಇಂಡಿ ತಾಲ್ಲೂಕಿನ ಸೋದರಿ*

ತಂಗಿ, ನಿಮ್ಮ ಪತ್ರ ಓದಿ ಮನಸ್ಸು ಭಾರ ಆಯಿತು. ಕೊಡಬೇಡಿ. ಮೈದುನ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಅವರ ಹೆಸರಿಗೆ ಲೈಸೆನ್ಸ್ ಇಲ್ಲದೆ ಆ ಬಂದೂಕು ಕಾರಿನಲ್ಲಿ ಸಿಕ್ಕರೆ ಅದು ಲೈಸೆನ್ಸ್ ಇಲ್ಲದ ಬಂದೂಕು. 2019ರ ತಿದ್ದುಪಡಿ ಆದ ಮೇಲೆ ಅದಕ್ಕೆ ಕಡಿಮೆ ಅಂದರೆ 2 ವರ್ಷ, ಜಾಸ್ತಿ ಅಂದರೆ 5 ವರ್ಷ ಜೈಲು, ಮೇಲೆ ದಂಡ. ಅಣ್ಣನದು ಅಂದರೆ ಕಾನೂನಿಗೆ ಅರ್ಥ ಆಗಲ್ಲ. ಲೈಸೆನ್ಸ್ ಆ ವ್ಯಕ್ತಿಯ ಜೊತೆಗೇ ಮುಗಿಯುತ್ತದೆ.

ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 21 ಹೇಳುವುದು ಇಷ್ಟೇ: ಇಟ್ಟುಕೊಳ್ಳುವ ಹಕ್ಕು ಮುಗಿದ ಆಯುಧವನ್ನು ತಡ ಮಾಡದೆ ಹತ್ತಿರದ ಠಾಣೆಯಲ್ಲಿ, ಅಥವಾ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯ ಹತ್ತಿರ ಠೇವಣಿ ಇಡಬೇಕು. ಮೂರು ತಿಂಗಳಾಯಿತು ಅಂತ ಹೆದರಬೇಡಿ, ಇವತ್ತೇ ಶುರು ಮಾಡಿ. ನೀವು ಬಂದೂಕು ಮುಟ್ಟಬೇಡಿ. ಅದು ಲೋಡ್ ಆಗಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ. ಕೋಣೆಗೆ ಬೀಗ ಹಾಕಿ, ಮಕ್ಕಳ ಕೈಗೆ ಕೀಲಿ ಸಿಗದಿರಲಿ. ನಿಮ್ಮ ಠಾಣೆಗೆ ಒಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ. ಯಜಮಾನರ ಮರಣ ಪ್ರಮಾಣಪತ್ರ, ಲೈಸೆನ್ಸ್ ಪುಸ್ತಕ, ಎರಡು ಸಾಲಿನ ಅರ್ಜಿ, ಇಷ್ಟು ಒಯ್ಯಿರಿ. 'ಮನೆಗೆ ಬಂದು ಬಂದೂಕು ತೆಗೆದುಕೊಂಡು ಹೋಗಿ' ಅಂತ ಅರ್ಜಿಯಲ್ಲೇ ಬರೆಯಿರಿ. ಒಯ್ಯುವಾಗ ರಸೀದಿ ಕೊಡುತ್ತಾರೆ, ಅದರಲ್ಲಿ ಬಂದೂಕಿನ ನಂಬರು, ಕಾಡತೂಸು ಎಷ್ಟು ಅಂತ ಬರೆದಿದೆಯಾ ನೋಡಿ. ಯಜಮಾನರು ಕಾಡತೂಸನ್ನು ಬೇರೆ ಎಲ್ಲಾದರೂ ಇಟ್ಟಿರುತ್ತಾರೆ, ಹಳೆ ಟ್ರಂಕು, ಜಗುಲಿಯ ಗೂಡು, ಕಾರಿನ ಖಾನೆ, ಅಲ್ಲೆಲ್ಲ ಒಮ್ಮೆ ನೋಡಿಸಿ. ಆ ಕಾರನ್ನು ಮಾರುವ ಯೋಚನೆ ಇದ್ದರಂತೂ ನೋಡಲೇಬೇಕು.

ಠೇವಣಿ ಇಟ್ಟ ಮೇಲೆ ಬಂದೂಕು ನಿಮ್ಮ ಕೈ ಬಿಟ್ಟು ಹೋಯಿತು ಅಂತಲ್ಲ. ವಾರಸುದಾರರು ಲೈಸೆನ್ಸ್‌ಗೆ ಅರ್ಜಿ ಹಾಕಬಹುದು, ಇಲ್ಲವೇ ಕಾನೂನು ಪ್ರಕಾರ ಮಾರಬಹುದು. ಆದರೆ ವರ್ಷಗಟ್ಟಲೆ ಹಾಗೇ ಬಿಟ್ಟರೆ ಸರ್ಕಾರಕ್ಕೆ ಸೇರುತ್ತದೆ. ಮೈದುನರಿಗೆ ಬೇಕಿದ್ದರೆ ಅವರು ತಮ್ಮ ಊರಿನಲ್ಲಿ ಲೈಸೆನ್ಸ್ ಪಡೆದು, ಆಮೇಲೆ ಸೊಲ್ಲಾಪುರಕ್ಕೆ ಒಯ್ಯುವ ಮಾತು.

ಸವದತ್ತಿ ಯಲ್ಲಮ್ಮನ ಜಾತ್ರೆಗೆ ಕುಟುಂಬ ಸಮೇತ ಹೋಗುತ್ತೇವೆ, ಮೈಮೇಲೆ ಬಂಗಾರ ಇರುತ್ತದೆ. ಸ್ವರಕ್ಷಣೆಗೆ ಅಂತಲೇ ರಿವಾಲ್ವರ್ ಲೈಸೆನ್ಸ್ ಇದೆ, ಕಾರಿನಲ್ಲಿ ಇಟ್ಟುಕೊಳ್ಳಬಹುದಲ್ವಾ? ಮತ್ತೆ ಮಗನ ಲಗ್ನದ ಮೆರವಣಿಗೆಯಲ್ಲಿ ಎರಡು ಗುಂಡು ಹಾರಿಸುವ ಆಸೆ ಹಿರಿಯರಿಗೆ.
*— ಬೈಲಹೊಂಗಲ*

ಎರಡಕ್ಕೂ ಇಲ್ಲ. ಜಾತ್ರೆ, ಧಾರ್ಮಿಕ ಮೆರವಣಿಗೆ, ಜನ ಸೇರುವ ಸಭೆ, ಶಾಲೆ ಕಾಲೇಜು ಆವರಣ, ಇಲ್ಲಿಗೆಲ್ಲ ವಿಶೇಷ ಅನುಮತಿ ಇಲ್ಲದೆ ಆಯುಧ ಒಯ್ಯಬಾರದು ಅಂತ ಲೈಸೆನ್ಸಿನ ಷರತ್ತಿನಲ್ಲೇ ಬರೆದಿದೆ. ಯಲ್ಲಮ್ಮನ ಗುಡ್ಡ ಆದರೂ ಅಷ್ಟೇ, ಬಾದಾಮಿ ಬನಶಂಕರಿ ಜಾತ್ರೆ ಆದರೂ ಅಷ್ಟೇ, ಬೆಳಗಾವಿಯ ಗಣಪತಿ ವಿಸರ್ಜನೆ ಆದರೂ ಅಷ್ಟೇ. ಗುಡ್ಡದ ಕೆಳಗೆ ಕಾರು ನಿಲ್ಲಿಸಿ ಅದರಲ್ಲೇ ಬಿಟ್ಟು ಹತ್ತುತ್ತೇವೆ ಅಂದರೆ ಅದು ಇನ್ನೂ ಕೆಟ್ಟದ್ದು, ಮೇಲಿನ ಧಾಬಾ ಕಥೆ ಓದಿ. ಬಂಗಾರ ಮನೆಯಲ್ಲಿ ಬಿಟ್ಟು ಹೋಗಿ, ತಾಯಿ ಏನೂ ಅಂದುಕೊಳ್ಳಲ್ಲ.

ಲಗ್ನದ ವಿಷಯ. ಸಂಭ್ರಮಕ್ಕೆ ಗುಂಡು ಹಾರಿಸುವುದನ್ನು 2019ರಲ್ಲಿ ಪ್ರತ್ಯೇಕ ಅಪರಾಧ ಮಾಡಿದ್ದಾರೆ. ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರಿಗೂ ತಾಗಲಿಲ್ಲ ಅನ್ನುವುದು ಉತ್ತರ ಆಗಲ್ಲ. ಮೇಲೆ ಹೋದ ಗುಂಡು ಕೆಳಗೆ ಬರಲೇಬೇಕು, ಮಾಳಿಗೆ ಮೇಲೆ ನಿಂತು ಮೆರವಣಿಗೆ ನೋಡುವ ಮಕ್ಕಳು ಎಷ್ಟು ಜನ ಇರುತ್ತಾರೆ ನೀವೇ ಎಣಿಸಿ. ಹಿರಿಯರಿಗೆ ಡೊಳ್ಳಿನವರನ್ನು ಕರೆಸಿ, ಹಲಗಿ ಬಾರಿಸಲಿ.

ನಾನು ಟೆಂಪೋ ಚಾಲಕ. ಬಾಗಲಕೋಟೆಯಿಂದ ಕೊಲ್ಹಾಪುರಕ್ಕೆ ಬಾಡಿಗೆ. ಒಬ್ಬರು ಗೋಣಿಯಲ್ಲಿ ಸುತ್ತಿದ ಉದ್ದನೆ ಗಂಟು ಕೊಟ್ಟು, ಬಿಲ್ಲು ಬೇಡ, ದುಪ್ಪಟ್ಟು ಬಾಡಿಗೆ ಅಂದರು. ಎತ್ತಿದಾಗ ಕಬ್ಬಿಣದ ಭಾರ. ನಾನು ಬೇಡ ಅಂದೆ. ಆದರೆ ತೆಗೆದುಕೊಂಡು ಹೋಗಿದ್ದರೆ ನನ್ನ ಮೇಲೂ ಕೇಸ್ ಆಗುತ್ತಿತ್ತಾ?
*— ಇಳಕಲ್ಲ*

ಬೇಡ ಅಂದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಕಾನೂನಿನಲ್ಲಿ ಒಂದು ರಕ್ಷಣೆ ಇದೆ. ಆಯುಧ ಹೊಂದಿದ್ದಾನೆ ಅನ್ನಬೇಕಾದರೆ ಅವನಿಗೆ ಅದು ಗೊತ್ತಿರಬೇಕು ಅಂತ ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಅದೇ ತೀರ್ಪು ಇನ್ನೊಂದನ್ನೂ ಹೇಳಿದೆ: ಬಂದೂಕು ಬೇರೆಯವರ ಕೈಯಲ್ಲಿದ್ದರೂ ನಿಜವಾದ ಹಿಡಿತ ಯಾರದೋ ಅವರದೇ ಸ್ವಾಧೀನ ಅನ್ನಬಹುದು. ಅಂದರೆ ಕಳಿಸಿದವನು ತಪ್ಪಿಸಿಕೊಳ್ಳಲ್ಲ, ಏನೂ ಗೊತ್ತಿಲ್ಲದ ಚಾಲಕ ಸಿಕ್ಕಿಕೊಳ್ಳಬೇಕಾಗಿಲ್ಲ. ಆದರೆ ನಿಮಗೆ ಭಾರ ಗೊತ್ತಾಗಿತ್ತು, ಬಿಲ್ಲು ಬೇಡ ಅಂದದ್ದು ಗೊತ್ತಿತ್ತು, ದುಪ್ಪಟ್ಟು ಬಾಡಿಗೆ ಯಾಕೆ ಅನ್ನುವುದೂ ಗೊತ್ತಾಗಿತ್ತು. ಹೀಗಿದ್ದು ಒಯ್ದಿದ್ದರೆ ಗೊತ್ತಿರಲಿಲ್ಲ ಅಂತ ಕೋರ್ಟಿನಲ್ಲಿ ಹೇಳುವುದು ಕಷ್ಟ. ಗೊತ್ತಿರಲಿಲ್ಲ ಅಂತ ಸಾಬೀತಾಗುವ ತನಕ ಜಾಮೀನು, ವಕೀಲರ ಫೀಸು, ಜಪ್ತಿಯಾದ ಟೆಂಪೋದ ಕಂತು ಯಾರು ಕಟ್ಟುತ್ತಾರೆ?

ಇನ್ನೊಂದು ಕೆಲಸ ಬಾಕಿ ಇದೆ. ವಾಹನದಲ್ಲಿ ದುಡಿಯುವವರಿಗೆ ಸೆಕ್ಷನ್ 36 ಒಂದು ಹೊಣೆ ಹಾಕಿದೆ. ಸಾಗಿಸುತ್ತಿರುವ ಪೆಟ್ಟಿಗೆ, ಗಂಟಿನಲ್ಲಿ ಅಕ್ರಮ ಆಯುಧ ಇದೆ ಅಂತ ಸಂಶಯ ಬಂದರೆ ಹತ್ತಿರದ ಠಾಣೆಗೆ ತಿಳಿಸಬೇಕು. ನೀವು ಒಯ್ಯಲಿಲ್ಲ ನಿಜ, ಆದರೆ ಆ ಗಂಟು ಬೇರೆ ಟೆಂಪೋ ಹತ್ತಿರಬಹುದು. 112ಕ್ಕೆ ಫೋನ್ ಮಾಡಿ, ಎಲ್ಲಿ, ಯಾವಾಗ ಅಂತ ಹೇಳಿ.

ಇಡೀ ಭಾರತದ ಲೈಸೆನ್ಸ್ ಇದೆ. ಖಾನಾಪುರದಿಂದ ಹೆಮ್ಮಡಗಾ ರಸ್ತೆ ಮೇಲೆ ಗೋವಾಕ್ಕೆ ಹೋಗುವಾಗ ರೈಫಲ್ ಒಯ್ಯಬಹುದಾ?
*— ಬೆಳಗಾವಿ*

ಆ ರಸ್ತೆ ಭೀಮಗಡ ಅಭಯಾರಣ್ಯದೊಳಗೆ ಹಾಯುತ್ತದೆ. 1972ರ ವನ್ಯಜೀವಿ ಕಾಯ್ದೆಯ ಸೆಕ್ಷನ್ 31 ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಯಾವ ಆಯುಧ ಇಟ್ಟುಕೊಂಡೂ ಅಭಯಾರಣ್ಯದೊಳಗೆ ಹೋಗುವ ಹಾಗಿಲ್ಲ. ನಿಮ್ಮ ಲೈಸೆನ್ಸ್ ಅಲ್ಲಿ ಲೆಕ್ಕಕ್ಕೆ ಬರಲ್ಲ. ಹಾಗಾದರೆ ಬೇರೆ ದಾರಿ ಹಿಡಿಯೋಣ ಅಂದರೆ, ಚೋರ್ಲಾ ಘಟ್ಟದ ಆ ಕಡೆ ಗೋವಾದ ಮ್ಹಾದೇಯಿ ಅಭಯಾರಣ್ಯ, ಅನಮೋಡ ಇಳಿದರೆ ಭಗವಾನ್ ಮಹಾವೀರ ಅಭಯಾರಣ್ಯ. ಸುಮ್ನೆ ಸಮುದ್ರ ನೋಡಲು ಹೋಗುವುದಾದರೆ ರೈಫಲ್ ಬೇಡ. ಮತ್ತೆ ಖಾನಾಪುರ ಕಡೆಯ ಓದುಗರಿಗೆ ಒಂದು ಮಾತು: ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಇರುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು, ಸೆಕ್ಷನ್ 34.

ನಾನು ನಿವೃತ್ತ ಸೈನಿಕ. ಬೇರೆ ರಾಜ್ಯದಲ್ಲಿ ನೌಕರಿಯಲ್ಲಿದ್ದಾಗ ಲೈಸೆನ್ಸ್ ಮಾಡಿಸಿ 12 ಬೋರ್ ತೆಗೆದುಕೊಂಡೆ. ಈಗ ಊರಿಗೆ ಬಂದು ಎರಡು ತಿಂಗಳಾಯಿತು. ಬೆಳಗಾವಿಯಲ್ಲಿ ಗನ್‌ಮ್ಯಾನ್ ಕೆಲಸ ಸಿಕ್ಕಿದೆ. ದಿನಾ ಹಳ್ಳಿಯಿಂದ ಬಂದೂಕು ಹಿಡಿದು ಹೋಗಿ ಬರಬೇಕು.
*— ಮಾಜಿ ಹವಾಲ್ದಾರ, ಹುಕ್ಕೇರಿ ತಾಲ್ಲೂಕು*

ಹವಾಲ್ದಾರ್ ಸಾಹೇಬ್ರೇ, ಬಂದೂಕು ಹಿಡಿಯುವುದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಕಾಗದದ ಮಾತು ಮಾತ್ರ ಹೇಳುತ್ತೇನೆ. ಬಂದೂಕು ಸಮೇತ ವಾಸ ಬದಲಿಸಿ 30 ದಿನಕ್ಕಿಂತ ಜಾಸ್ತಿ ಇದ್ದರೆ, ಆ ಬದಲಾವಣೆ ಆದ 30 ದಿನದೊಳಗೆ ಎರಡೂ ಕಡೆ ತಿಳಿಸಬೇಕು: ಹೊಸ ಊರಿನ ಲೈಸೆನ್ಸ್ ಅಧಿಕಾರಿಗೆ, ಲೈಸೆನ್ಸ್ ಕೊಟ್ಟ ಅಥವಾ ಕೊನೆಯ ಸಲ ನವೀಕರಿಸಿದ ಅಧಿಕಾರಿಗೆ. ನಿಮಗೆ ಆ ಗಡುವು ದಾಟಿದೆ. ನಾಳೆಯೇ ಡಿಸ್ಚಾರ್ಜ್ ಪುಸ್ತಕ, ವಿಳಾಸದ ದಾಖಲೆ, ಲೈಸೆನ್ಸ್ ತೆಗೆದುಕೊಂಡು ಹೋಗಿ, ತಡ ಯಾಕಾಯಿತು ಅಂತ ಅರ್ಜಿಯಲ್ಲಿ ಪ್ರಾಮಾಣಿಕವಾಗಿ ಬರೆಯಿರಿ. ಲೈಸೆನ್ಸ್ ಮೇಲೆ ಯುಐಎನ್ ನಂಬರ್ ಇದೆಯಾ, ವ್ಯಾಪ್ತಿಯ ಕಾಲಮಿನಲ್ಲಿ ಕರ್ನಾಟಕ ಬರುತ್ತದಾ, ಯಾವ ಉದ್ದೇಶಕ್ಕೆ ಅಂತ ಕೊಟ್ಟಿದ್ದಾರೆ, ಈ ಮೂರನ್ನೂ ಅಲ್ಲೇ ಕೇಳಿ. ಸ್ವರಕ್ಷಣೆಗೆ ಕೊಟ್ಟ ಬಂದೂಕನ್ನು ಸಂಬಳದ ಕಾವಲಿಗೆ ಬಳಸಬಹುದಾ ಅನ್ನುವುದನ್ನು ಅವರಿಂದಲೇ ಬರಹದಲ್ಲಿ ಪಡೆಯಿರಿ. ಕೆಲಸ ಕೊಟ್ಟ ಕಂಪನಿಯವರು 'ಏನೂ ಆಗಲ್ಲ ಬನ್ನಿ' ಅಂದರೆ ಒಪ್ಪಬೇಡಿ, ರದ್ದಾಗುವುದು ನಿಮ್ಮ ಲೈಸೆನ್ಸು, ಅವರದಲ್ಲ.

ದಿನದ ಓಡಾಟಕ್ಕೆ ಬಂದೂಕು ಗವಸಿನಲ್ಲಿ, ಖಾಲಿ, ನಿಮ್ಮ ಮೊಣಕಾಲ ಸಂದಿಯಲ್ಲಿ ನಿಂತಿರಲಿ. ಬಸ್ಸಿನ ಮೇಲಿನ ಕ್ಯಾರಿಯರ್‌ನಲ್ಲಿ ಬೇಡ, ಗೆಳೆಯನ ಆಟೋದ ಹಿಂದೆ ಬೇಡ. ಚುನಾವಣೆ ಘೋಷಣೆಯಾಗಿ, ಬಂದೂಕು ಠಾಣೆಯಲ್ಲಿ ಠೇವಣಿ ಇಡಿ ಅಂತ ಆದೇಶ ಬಂದರೆ ಕೆಲಸದ ಕಾರಣ ತೋರಿಸಿ ವಿನಾಯಿತಿಗೆ ಅರ್ಜಿ ಹಾಕಬಹುದು, ಆದರೆ ವಿನಾಯಿತಿ ಕೈಗೆ ಬರುವ ತನಕ ಬಂದೂಕು ಠಾಣೆಯಲ್ಲಿ, ರಸೀದಿ ನಿಮ್ಮ ಜೇಬಿನಲ್ಲಿ.